ಬೆಜವಾಡದಿಂದ ವಾಲ್ತೇರಿಗೆ: ಒಂದು ವಿಶ್ವವಿದ್ಯಾನಿಲಯದ ಕೀರ್ತಿ

ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪಟ್ಟಿಯಲ್ಲಿ 2024ರಲ್ಲಿ ರಾಜ್ಯ ಸರ್ಕಾರಿ ವಿಶ್ವವಿದ್ಯಾನಿಲಯಗಳ ಪೈಕಿ ಏಳನೆಯದಾಗಿದ್ದ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾನಿಲಯ, 2025ರಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಸಂತೋಷದ ಸುದ್ದಿಯೇ. ಆದರೆ ಈ ಸಂಸ್ಥೆಯ ಕೀರ್ತಿ ಇಂತಹ ಪಟ್ಟಿಗಳು ಹುಟ್ಟುವ ಎಷ್ಟೋ ಮೊದಲಿನದು. ಅದರ ಒಂದು ಬೇರು ಮೈಸೂರಿನಲ್ಲಿದೆ ಎಂಬುದು ಕನ್ನಡಿಗರಾದ ನಮಗೆ ನೆನಪಿರಬೇಕಾದ ಸಂಗತಿ.

1926ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಮೊದಲ ನೆಲೆ ಬೆಜವಾಡ, ಅಂದರೆ ಇಂದಿನ ವಿಜಯವಾಡ. 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಬಂದಿತು. ಸ್ಥಾಪಕ ಉಪಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೂ ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿ, ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ದುಡಿದವರು. ಬ್ರಿಟಿಷ್ ಸರ್ಕಾರದ ದಮನನೀತಿಯನ್ನು ಪ್ರತಿಭಟಿಸಿ 1930ರಲ್ಲಿ ಅವರು ರಾಜೀನಾಮೆಯಿತ್ತರು. ಅನಂತರ ಬಂದ ಸರ್ವೆಪಲ್ಲಿ ರಾಧಾಕೃಷ್ಣನ್ ಅವರೂ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದವರೇ. 1936ರಲ್ಲಿ ರೆಡ್ಡಿಯವರು ಮರಳಿ ಬಂದು 1949ರವರೆಗೆ ಆ ಹೊಣೆ ಹೊತ್ತರು.

ಆ ಕಾಲದ ಆಡಳಿತ ತರುಣ ವಿದ್ವಾಂಸರನ್ನು ನಂಬಿತು. ಸಿ. ವಿ. ರಾಮನ್ ಅವರ ಶಿಷ್ಯ ಸೂರಿ ಭಗವಂತಂ 1932ರಲ್ಲಿ ಇಲ್ಲಿ ಭೌತಶಾಸ್ತ್ರ ಬೋಧಿಸಲು ಬಂದಾಗ ಅವರಿಗೆ ಇಪ್ಪತ್ಮೂರರ ಆಸುಪಾಸು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

ಇಲ್ಲಿಯ ವಿದ್ಯಾರ್ಥಿಗಳಲ್ಲಿ ಒಬ್ಬರು 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಇಲ್ಲಿ ಗಣಿತದಲ್ಲಿ ಎಂ.ಎ. ಪದವಿ ಪಡೆದು ಅವರು ಕಲ್ಕತ್ತೆಗೆ ಹೋದರು. ಅವರ ಹೆಸರನ್ನು ಅಮರಗೊಳಿಸಿದ ಸಂಖ್ಯಾಶಾಸ್ತ್ರದ ಪ್ರಬಂಧ ಪ್ರಕಟವಾದದ್ದು 1945ರಲ್ಲಿ. ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನ ಅವರನ್ನು ಅರಸಿ ಬಂದದ್ದು 2023ರಲ್ಲಿ. ನಡುವೆ ಎಪ್ಪತ್ತೆಂಟು ವರ್ಷ! ಇಂದಿನ ರ‍್ಯಾಂಕಿಂಗ್ ಸಂಶೋಧನೆಯನ್ನು ಅಳೆಯುವುದು ಹಿಂದಿನ ಮೂರು ವರ್ಷಗಳ ಪ್ರಕಟಣೆಗಳಿಂದ. ವಾಲ್ತೇರಿನ ತರಗತಿಯಲ್ಲಿ ಬಿತ್ತಿದ್ದು ಕಲ್ಕತ್ತೆಯಲ್ಲಿ ಫಲ ಕೊಟ್ಟರೆ ಅದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ನೂರು ಅಂಕಗಳಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಎಲ್ಲರನ್ನೂ ಒಳಗೊಳ್ಳುವಿಕೆಗೆ 10. ಉಳಿದ 10 ಜನಾಭಿಪ್ರಾಯಕ್ಕೆ. ಅಂದರೆ ಹೆಸರಿದ್ದವರಿಗೆ ಅಂಕ, ಅಂಕ ಬಂದವರಿಗೆ ಮತ್ತೆ ಹೆಸರು. ಪಟ್ಟಿಯಿಂದ ಪ್ರಯೋಜನವಿಲ್ಲವೆಂದಲ್ಲ. ಸಂಸ್ಥೆಗಳು ತಮ್ಮ ಬೋಧಕರ ಸಂಖ್ಯೆ, ಖರ್ಚುವೆಚ್ಚಗಳನ್ನು ಬಹಿರಂಗಪಡಿಸುವಂತಾಗಿದೆ. ದೂರದೂರಿನ ವಿದ್ಯಾರ್ಥಿಗೆ ಒಂದು ದಿಕ್ಕು ಸಿಗುತ್ತದೆ. ಆದರೆ ಸ್ಥಾನವೇ ಗುರಿಯಾದಾಗ, ಎಣಿಕೆಗೆ ಸಿಗುವ ಕೆಲಸಕ್ಕೆ ಮಾತ್ರ ಹಣವೂ ಗಮನವೂ ಹರಿಯುವ ಅಪಾಯವಿದೆ.

1976ರಲ್ಲಿ ನಾಗಾರ್ಜುನ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ವಿಜಯವಾಡದ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ಹುಟ್ಟಿದ ಊರೇ ಕೈಬಿಟ್ಟುಹೋದರೂ ಆಂಧ್ರ ವಿಶ್ವವಿದ್ಯಾನಿಲಯದ ಹೆಸರು ಕುಂದಲಿಲ್ಲ. ಮಕ್ಕಳನ್ನು ಸೇರಿಸಲು ಹೊರಡುವ ನಾವು ಪಟ್ಟಿಯನ್ನು ನೋಡೋಣ. ಜೊತೆಗೆ ಆ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಬಡವರ ಮಕ್ಕಳಿಗೆ ಶುಲ್ಕ ಕಟ್ಟಲು ಸಾಧ್ಯವೇ ಎಂದೂ ಕೇಳೋಣ.