ಟ್ರಾನ್ಸೀವರ್: ಹವ್ಯಾಸಿ ರೇಡಿಯೋದಲ್ಲಿ ಆಯ್ಕೆ ಮತ್ತು ಪ್ರೇಷಣಶಕ್ತಿ

ಹವ್ಯಾಸಿ ರೇಡಿಯೋ ನಿಲಯದಲ್ಲಿ ಪ್ರೇಷಕವನ್ನೂ ಗ್ರಾಹಕವನ್ನೂ ಒಂದೇ ಕವಚದೊಳಗೆ ಕೂಡಿಸಿ, ಆಂದೋಲಕ, ಶೋಧಕ ಮೊದಲಾದ ಅಂಗಗಳು ಎರಡಕ್ಕೂ ಒದಗುವಂತೆ ನಿರ್ಮಿಸಿದ ಯಂತ್ರಕ್ಕೆ ಟ್ರಾನ್ಸೀವರ್ ಎಂದು ಹೆಸರು. ಎರಡು ಪೆಟ್ಟಿಗೆಗಳನ್ನು ಒಂದೇ ಆವರ್ತಾಂಕಕ್ಕೆ ಹೊಂದಿಸುವ ಶ್ರಮವನ್ನು ತಪ್ಪಿಸಿದ ಈ ರಚನೆ, ಅಮೆರಿಕದ ಕಾಲಿನ್ಸ್ ಸಂಸ್ಥೆ 1957ರಲ್ಲಿ ಹೊರತಂದ ಕೆಡಬ್ಲ್ಯುಎಂ-1ರ ಕಾಲದಿಂದ ಹ್ರಸ್ವತರಂಗದ ಹವ್ಯಾಸಿಗಳಲ್ಲಿ ಪ್ರಚುರವಾಗುತ್ತ, ಆಂಟೆನಾದ ಸಂಕೇತವನ್ನು ನೇರವಾಗಿ ಅಂಕರೂಪಕ್ಕೆ ತಿರುಗಿಸುವ ಐಕಾಮ್ ಐಸಿ-7300ರಂತಹ (2016) ಯಂತ್ರಗಳವರೆಗೆ ಬೆಳೆದುಬಂದಿದೆ.

ಕೊಳ್ಳಹೊರಟವನು ಮೊದಲು ವಿಚಾರಿಸುವುದು ವಾಟುಗಳನ್ನು. ವಸ್ತುತಃ ಕಡೆಗೆ ವಿಚಾರಿಸತಕ್ಕದ್ದು ಅದನ್ನೇ. ಗ್ರಾಹಕದ ಎಸ್-ಮಾಪಕ ಸಂಕೇತದ ಬಲವನ್ನು ತೋರಿಸುವುದು ಲಘುಗಣಕ ಕ್ರಮದಲ್ಲಿ. ಅದರ ಮುಳ್ಳು ಒಂದು ಮಾನ ಮೇಲೇರಬೇಕಾದರೆ 6 ಡೆಸಿಬಲ್, ಎಂದರೆ ನಾಲ್ಮಡಿ ಶಕ್ತಿ, ವ್ಯಯವಾಗಬೇಕು. 5 ವಾಟಿನ ಪುಟ್ಟ ಯಂತ್ರಕ್ಕೂ ಇಂದಿನ ಸಾಮಾನ್ಯ 100 ವಾಟಿನ ಯಂತ್ರಕ್ಕೂ ಇರುವ ಅಂತರ 13 ಡೆಸಿಬಲ್, ಎಂದರೆ ಎರಡು ಮಾನಗಳಿಗಿಂತ ತುಸು ಹೆಚ್ಚು. ಭಾರತದ 1978ರ ನಿಯಮಗಳೂ ಅವುಗಳ ತಿದ್ದುಪಡಿಗಳೂ ನಿರ್ಬಂಧಿತ ದರ್ಜೆಯವರಿಗೆ 50, ಸಾಮಾನ್ಯ ದರ್ಜೆಯವರಿಗೆ 400 ವಾಟುಗಳ ಮಿತಿಯನ್ನು ವಿಧಿಸಿದಾಗ, ಕೇಳುವವನ ಮಾಪಕದಲ್ಲಿ ಆ ಎರಡು ದರ್ಜೆಗಳ ನಡುವೆ ಉಳಿದದ್ದು ಒಂದೂವರೆ ಮಾನ ಮಾತ್ರ! ಆದರೂ ಈ ಅಲ್ಪಾಂತರ ಸರ್ವದಾ ನಿರರ್ಥಕವೆನ್ನಲಾಗದು: ಆಚೆಯವನ ನಿಲಯದಲ್ಲಿ ಗದ್ದಲವೇ ಆರನೆಯ ಮಾನದಷ್ಟಿದ್ದರೆ, ಏಳನೆಯ ಮಾನದ ಧ್ವನಿ ಕಷ್ಟದಿಂದಲಾದರೂ ತಿಳಿಯುವುದು, ಐದನೆಯದು ಸಂಪೂರ್ಣ ಮುಳುಗಿಹೋಗುವುದು.

ಆಂಟೆನಾಕ್ಕೆ ವೆಚ್ಚಮಾಡಿದ ಹಣ ಪ್ರೇಷಣಕ್ಕೂ ಗ್ರಹಣಕ್ಕೂ ಏಕಕಾಲದಲ್ಲಿ ಫಲಕೊಡುವುದೆಂಬುದನ್ನು ಹೊಸಬರು ತಡವಾಗಿ ಗ್ರಹಿಸುತ್ತಾರೆ. ಮೂರು ದಂಡಗಳ ಯಾಗಿ ಆಂಟೆನಾ ಸಾಮಾನ್ಯ ದ್ವಿಧ್ರುವಕ್ಕಿಂತ 5-6 ಡೆಸಿಬಲ್ ಅಧಿಕ ಲಾಭವನ್ನೀಯುವುದರಿಂದ, ಶಕ್ತಿಯನ್ನು ಹೆಚ್ಚುಕಡಮೆ ನಾಲ್ಮಡಿಸಿದಂತೆಯೇ ಆಯಿತು. ಇದಕ್ಕೆ ಪ್ರತಿಯಾಗಿ, 145 ಮೆಗಾಹರ್ಟ್ಸ್‌ನಲ್ಲಿ ತೆಳುವಾದ ಆರ್‌ಜಿ-58 ಕೇಬಲನ್ನು 30 ಮೀಟರ್ ಎಳೆದವನ ಶಕ್ತಿಯ ಮುಕ್ಕಾಲು ಪಾಲು ಛಾವಣಿಯನ್ನು ಮುಟ್ಟುವ ಮೊದಲೇ ಶಾಖವಾಗಿ ಕಳೆದಿರುತ್ತದೆ. ಇನ್ನು ಅಯಾನುಮಂಡಲದ ಮುಂದೆ ವಾಟುಗಳ ದರ್ಪ ನಡೆಯದು. 14 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರಿನಿಂದ ಯೂರೋಪನ್ನು ಮಾತಾಡಿಸುವವನಿಗೆ ಮೈಸೂರಿನ ಮಿತ್ರ ಸಾಮಾನ್ಯವಾಗಿ ಸಿಕ್ಕುವುದಿಲ್ಲ, ಏಕೆಂದರೆ ಮೇಲಿನಿಂದ ಬಾಗಿ ಬರುವ ಅಲೆ ಅಷ್ಟು ಸಮೀಪದಲ್ಲಿ ಇಳಿಯುವುದೇ ಇಲ್ಲ. ಹಗಲಿನಲ್ಲಿ 7 ಮೆಗಾಹರ್ಟ್ಸ್‌ಗೆ ಇಳಿದು, ಸುಮಾರು 20 ಮೀಟರ್ ಉದ್ದದ ತಂತಿಯನ್ನು ತಗ್ಗಿನಲ್ಲಿ ಕಟ್ಟಿದರೆ 10 ವಾಟೇ ಸಾಕಾಗಬಹುದು.

ಆದುದರಿಂದ ಯಂತ್ರವನ್ನು ಪರೀಕ್ಷಿಸುವವನು ಅದರ ಗ್ರಾಹಕಾಂಗವನ್ನು ಮೊದಲು ನೋಡತಕ್ಕದ್ದು. ಅಲ್ಲಿಯೂ ವಿಕ್ರಯಪತ್ರಗಳು ಕೊಂಡಾಡುವ ಸೂಕ್ಷ್ಮಗ್ರಾಹಿತ್ವಕ್ಕೆ ಮರುಳಾಗಬಾರದು. 7 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಗರ್ಜನೆಯೂ ನೆರೆಮನೆಯ ಇನ್ವರ್ಟರುಗಳ ಕರ್ಕಶವೂ ಯಂತ್ರದ ಸ್ವಂತ ಗದ್ದಲವನ್ನು ಬಹುದೂರ ಮೀರಿರುತ್ತವೆ. ಬಲಿಷ್ಠ ನಿಲಯವೊಂದರ ಪಕ್ಕದಲ್ಲೇ ಕ್ಷೀಣವಾದುದನ್ನು ಬೇರ್ಪಡಿಸಿ ಕೇಳಿಸುವ ಸಾಮರ್ಥ್ಯವೇ ಗ್ರಾಹಕದ ನಿಜವಾದ ಗುಣ. ವಿದ್ಯುತ್ತಿನ ಲೆಕ್ಕವೂ ಉಂಟು: 100 ವಾಟಿನ ಯಂತ್ರ ಪ್ರೇಷಿಸುವಾಗ 13.8 ವೋಲ್ಟಿನಲ್ಲಿ ಸುಮಾರು 20 ಆಂಪಿಯರ್ ಸೆಳೆಯುವುದರಿಂದ ಬೆಟ್ಟದ ಮೇಲೆ ಹೊತ್ತೊಯ್ಯುವವರಿಗೆ ಅದು ಅನುಕೂಲವಲ್ಲ. ಅಂಥವರಿಗೂ ಸ್ವತಃ ಬೆಸೆದು ಕಲಿಯಬಯಸುವವರಿಗೂ ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸಗೊಳಿಸಿದ ಬಿಟ್ಎಕ್ಸ್ ಮಾಲೆಯ ಅಲ್ಪಶಕ್ತಿಯ ಯಂತ್ರಗಳು ಭಾರತದ ಹೊರಗೂ ಪ್ರಿಯವಾಗಿವೆ. ಮನೆಯಲ್ಲೇ ಕುಳಿತು ಮಾತಿನ ಸಂಪರ್ಕವನ್ನು ಬಯಸುವ ಆರಂಭಿಗನಿಗಾದರೋ, 100 ವಾಟಿನ ಯಂತ್ರವನ್ನು ಕೊಂಡು, ತನ್ನ ದರ್ಜೆಯ ಮಿತಿಗೆ ತಗ್ಗಿಸಿಕೊಂಡು ಬಳಸುವುದೇ ಲೇಸೆಂದು ತೋರುತ್ತದೆ. 5 ವಾಟಿನ ಧ್ವನಿಗೆ ಬೇಕಾದ ತಾಳ್ಮೆ ಎಲ್ಲರಿಗೂ ಸಿದ್ಧಿಸಿರುವುದಿಲ್ಲ.

ಮಾತನ್ನು ಬಿಟ್ಟು ಅಂಕೀಯ ಸಂಕೇತಗಳಿಗೆ ಒಲಿದವರ ಲೆಕ್ಕಾಚಾರ ಬೇರೆ. ನೊಬೆಲ್ ಪುರಸ್ಕೃತ ಖಗೋಳವಿಜ್ಞಾನಿ ಜೋಸೆಫ್ ಟೇಲರ್ ಮತ್ತು ಸ್ಟೀವ್ ಫ್ರಾಂಕ್ 2017ರಲ್ಲಿ ಬಳಕೆಗೆ ತಂದ ಎಫ್‌ಟಿ8 ಪದ್ಧತಿ, 2,500 ಹರ್ಟ್ಸ್ ವಿಸ್ತಾರದ ಗದ್ದಲಕ್ಕಿಂತ ಸುಮಾರು 20 ಡೆಸಿಬಲ್ ಕೆಳಗಿರುವ ಸಂಕೇತವನ್ನೂ ಓದಬಲ್ಲುದಾಗಿ, ಅನುಕೂಲ ಕಾಲದಲ್ಲಿ ಕೆಲವೇ ವಾಟುಗಳಿಂದ ಸಾಗರಗಳನ್ನು ದಾಟಿಸುತ್ತದೆ.