ಶಸ್ತ್ರಚಿಕಿತ್ಸೆಗೆ ಮುನ್ನ ಹಿರಿಯರ ಅರಿವಿನ ತಪಾಸಣೆ: ಒಂದು ಇತಿಹಾಸ

ಶಸ್ತ್ರಚಿಕಿತ್ಸೆಗೆ ಒಳಗಾಗಲಿರುವ ಹಿರಿಯರ ನೆನಪು, ಗಮನ ಮತ್ತು ಆಲೋಚನಾಶಕ್ತಿ ಹೇಗಿದೆ ಎಂದು ಮುಂಚಿತವಾಗಿ ಪರೀಕ್ಷಿಸುವುದೇ ಅರಿವಿನ ತಪಾಸಣೆ. ಇಸಿಜಿ, ರಕ್ತದ ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳು ಆಪರೇಷನ್ನಿನ ಪೂರ್ವಸಿದ್ಧತೆಯಲ್ಲಿ ಸೇರಿಹೋಗಿ ದಶಕಗಳೇ ಕಳೆದಿವೆ. ಮಿದುಳಿನ ಸ್ಥಿತಿಯನ್ನು ನೋಡುವ ಪರೀಕ್ಷೆ ಆ ಪಟ್ಟಿಗೆ ಸೇರಿದ್ದು ಈಚೆಗೆ. ಅದನ್ನು ಫೋನ್, ಟ್ಯಾಬ್ಲೆಟ್ ಅಥವಾ ಕಂಪ್ಯೂಟರಿನ ಮೂಲಕ ರೋಗಿಯ ಮನೆಯಲ್ಲೇ ಮಾಡಿಸುವ ಪದ್ಧತಿ ಇನ್ನೂ ಹೊಸದು. ಇದರ ಹಿಂದೆ ಮೂರು ಬೇರೆ ಬೇರೆ ಬೆಳವಣಿಗೆಗಳಿವೆ: ಅರಿವಳಿಕೆಯ ನಂತರ ಹಿರಿಯರಲ್ಲಿ ಕಾಣುವ ಮಂಕಿನ ಅಧ್ಯಯನ, ಒಂದೇ ದಿನದಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆಯ ಹರಡುವಿಕೆ, ಮತ್ತು ಕೆಲವೇ ನಿಮಿಷಗಳ ಅರಿವಿನ ಪರೀಕ್ಷೆಗಳ ಹುಟ್ಟು.

ಆರಂಭದ ಅವಲೋಕನಗಳು

ಅರಿವಳಿಕೆಯ ನಂತರ ಮನಸ್ಸು ಕದಡುವುದನ್ನು ಲಂಡನ್ನಿನ ಮನೋವೈದ್ಯ ಜಾರ್ಜ್ ಸ್ಯಾವೇಜ್ 1887ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದಾಖಲಿಸಿದ್ದರು. ಆದರೆ ಇದನ್ನು ಹಿರಿಯರ ವಿಶೇಷ ಸಮಸ್ಯೆಯೆಂದು ವೈದ್ಯಲೋಕದ ಮುಂದಿಟ್ಟದ್ದು ಬ್ರಿಟನ್ನಿನ ವೈದ್ಯ ಪಿ. ಡಿ. ಬೆಡ್‌ಫರ್ಡ್ 1955ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಲೇಖನ. ಆಪರೇಷನ್ ಆದಮೇಲೆ ತಮ್ಮ ಹಿರಿಯರು ಮೊದಲಿನಂತೆ ಇಲ್ಲ ಎಂದು ಮನೆಯವರು ಮತ್ತೆ ಮತ್ತೆ ಹೇಳುತ್ತಿದ್ದುದು ಅವರ ಗಮನ ಸೆಳೆದಿತ್ತು. ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಪರಿಶೀಲಿಸಿದ ಬೆಡ್‌ಫರ್ಡ್, ವಯಸ್ಸಾದವರಿಗೆ ನಿಜವಾಗಿ ಅಗತ್ಯವಿದ್ದಾಗ ಮಾತ್ರ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಸಲಹೆ ಕೊಟ್ಟರು. 1961ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನಕ್ಕೆ ಅಷ್ಟು ದೊಡ್ಡ ಅಪಾಯ ಕಾಣಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ಸ್ಥಿತಿಯ ಅಳತೆಯೇ ಇಲ್ಲದೆ ನಂತರದ ಇಳಿಕೆಯನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದು ಈ ಭಿನ್ನಾಭಿಪ್ರಾಯದಲ್ಲಿ ಸ್ಪಷ್ಟವಾಗುತ್ತದೆ.

ಅಂಥ ಅಳತೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1990ರ ದಶಕದಲ್ಲಿ. ಯುರೋಪಿನ ಹಲವು ದೇಶಗಳು ಮತ್ತು ಅಮೆರಿಕದ ಆಸ್ಪತ್ರೆಗಳು ಸೇರಿ ನಡೆಸಿದ ಐಎಸ್‌ಪಿಒಸಿಡಿ ಅಧ್ಯಯನದ ಫಲಿತಾಂಶ 1998ರಲ್ಲಿ ಹೊರಬಂತು. 60 ವರ್ಷ ದಾಟಿದ 1218 ಜನರಿಗೆ ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆಯೂ ನಂತರವೂ ಅದೇ ಪರೀಕ್ಷೆಗಳನ್ನು ಕೊಡಲಾಗಿತ್ತು. ಒಂದು ವಾರದ ಬಳಿಕ ಶೇ. 25.8ರಷ್ಟು ಜನರಲ್ಲಿ, ಮೂರು ತಿಂಗಳ ಬಳಿಕ ಶೇ. 9.9ರಷ್ಟು ಜನರಲ್ಲಿ ಅರಿವಿನ ಶಕ್ತಿ ಕುಂದಿರುವುದು ಕಂಡುಬಂತು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವುದು ಮತ್ತು ರಕ್ತದೊತ್ತಡ ಇಳಿಯುವುದೇ ಕಾರಣವೆಂಬ ಅಂದಿನ ಊಹೆಗೆ ಪುರಾವೆ ಸಿಗಲಿಲ್ಲ. ಹೆಚ್ಚಿದ ವಯಸ್ಸು, ಕಡಿಮೆ ಓದು, ದೀರ್ಘ ಅರಿವಳಿಕೆ, ಎರಡನೆಯ ಆಪರೇಷನ್, ನಂತರದ ಸೋಂಕು ಇವು ಆರಂಭದ ಮಂಕಿಗೆ ಸಂಬಂಧಿಸಿದ ಅಂಶಗಳಾಗಿ ಹೊರಹೊಮ್ಮಿದವು.

ಮುಂದಿನ ಸಂಶೋಧನೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಯಿತು: ಆಪರೇಷನ್ನಿಗೆ ಬರುವಾಗಲೇ ಎಷ್ಟು ಜನರ ಅರಿವು ಕುಂದಿರುತ್ತದೆ? ಸೊಂಟದ ಕೀಲು ಬದಲಿಸಿಕೊಳ್ಳಲು ಬಂದ 300 ಹಿರಿಯರನ್ನು ಪರೀಕ್ಷಿಸಿ ಮೆಲ್ಬರ್ನ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು ಮೂರನೆಯ ಒಂದು ಭಾಗದವರಲ್ಲಿ ಕೊರತೆ ಮೊದಲೇ ಇತ್ತು. ನಂತರ ಹೆಚ್ಚು ತೊಂದರೆಗೆ ಸಿಕ್ಕಿದವರೂ ಅವರೇ. ಹೀಗೆ ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗೆ ಗಟ್ಟಿಯಾದ ಆಧಾರ ದೊರೆಯಿತು.

ಒಂದೇ ದಿನದ ಶಸ್ತ್ರಚಿಕಿತ್ಸೆ

ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ ಗ್ಲಾಸ್ಗೋದ ಜೇಮ್ಸ್ ನಿಕಲ್ ಅವರಿಂದ ಆರಂಭಿಸುತ್ತಾರೆ. ಹೊರರೋಗಿಗಳಾಗಿ ಬಂದ ಮಕ್ಕಳಿಗೆ ನಡೆಸಿದ 8988 ಶಸ್ತ್ರಚಿಕಿತ್ಸೆಗಳ ವಿವರವನ್ನು ಅವರು 1909ರಲ್ಲಿ ಪ್ರಕಟಿಸಿದರು. 1970ರಲ್ಲಿ ವ್ಯಾಲೇಸ್ ರೀಡ್ ಮತ್ತು ಜಾನ್ ಫೋರ್ಡ್ ಎಂಬ ಅರಿವಳಿಕೆ ತಜ್ಞರು ಅಮೆರಿಕದ ಫೀನಿಕ್ಸ್ ನಗರದಲ್ಲಿ ಇದಕ್ಕಾಗಿಯೇ ಸ್ವತಂತ್ರ ಕೇಂದ್ರ ತೆರೆದರು. ಇಂದು ಕಣ್ಣಿನ ಪೊರೆ, ಹರ್ನಿಯಾ ಮೊದಲಾದ ಎಷ್ಟೋ ಆಪರೇಷನ್‌ಗಳು ಡೇ ಕೇರ್ ವ್ಯವಸ್ಥೆಯಲ್ಲೇ ಮುಗಿಯುತ್ತವೆ. ಪೊರೆ ತೆಗೆಸಿಕೊಳ್ಳುವವರಲ್ಲಂತೂ ಬಹುಪಾಲು ಹಿರಿಯರೇ.

ಮಿದುಳಿನ ದೃಷ್ಟಿಯಿಂದ ಈ ವ್ಯವಸ್ಥೆಗೆ ಅನುಕೂಲವೂ ಇದೆ. ಸಣ್ಣ ಶಸ್ತ್ರಚಿಕಿತ್ಸೆಗೆ ಒಳಗಾದ 372 ಹಿರಿಯರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ದಿನಗಳ ಬಳಿಕ ಆಸ್ಪತ್ರೆಯಲ್ಲಿ ಉಳಿದವರ ಪೈಕಿ ಶೇ. 9.8ರಷ್ಟು ಮಂದಿಯಲ್ಲಿ ಅರಿವಿನ ಇಳಿಕೆ ಕಂಡಿತು. ಅಂದೇ ಮನೆಗೆ ಮರಳಿದವರಲ್ಲಿ ಅದು ಶೇ. 3.5 ಮಾತ್ರ. ಪರಿಚಿತ ಜಾಗ, ಮನೆಯವರ ಸಾಮೀಪ್ಯ, ರಾತ್ರಿಯ ನಿದ್ದೆ ಹಿರಿಯರ ಮನಸ್ಸನ್ನು ಸ್ಥಿಮಿತದಲ್ಲಿಡಲು ನೆರವಾಗುತ್ತವೆ.

ಆದರೆ ಇದೇ ವ್ಯವಸ್ಥೆ ರೋಗಿಯ ತಲೆಯ ಮೇಲೆ ಹೆಚ್ಚಿನ ಜವಾಬ್ದಾರಿಯನ್ನೂ ಹೊರಿಸುತ್ತದೆ. ಎಷ್ಟು ಹೊತ್ತಿನಿಂದ ಏನೂ ತಿನ್ನಬಾರದು, ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು, ಅಂದು ಇನ್ಸುಲಿನ್ ಎಷ್ಟು, ನಂತರ ಕಣ್ಣಿಗೆ ಹನಿ ದಿನಕ್ಕೆ ಎಷ್ಟು ಸಲ ಎಂಬುದನ್ನೆಲ್ಲ ಅವರು ನೆನಪಿಟ್ಟು ಪಾಲಿಸಬೇಕು. ವಾರ್ಡಿನಲ್ಲಾದರೆ ನರ್ಸ್ ನೋಡಿಕೊಳ್ಳುವ ಕೆಲಸವಿದು. ಮಾತುಕತೆಯಲ್ಲಿ ಚುರುಕಾಗಿ ಕಾಣುವ ವ್ಯಕ್ತಿಗೂ ಈ ಸೂಚನೆಗಳನ್ನು ಹಿಡಿದಿಟ್ಟುಕೊಳ್ಳಲು ಆಗದಿರಬಹುದು. ಅರಿವಳಿಕೆ ತಜ್ಞರು ಅವರನ್ನು ಕೆಲವೇ ನಿಮಿಷ ನೋಡುವುದರಿಂದ ಕೊರತೆ ಕಣ್ತಪ್ಪಿ ಹೋಗುತ್ತದೆ.

ಕೆಲವೇ ನಿಮಿಷಗಳ ಪರೀಕ್ಷೆಗಳು

1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಪಾಲ್ ಮೆಕ್‌ಹ್ಯೂ ರೂಪಿಸಿದ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆ 30 ಅಂಕಗಳದ್ದು. ದಿನಾಂಕ, ಸ್ಥಳ, ಪದಗಳ ನೆನಪು, ಲೆಕ್ಕ, ಬರವಣಿಗೆ ಅದರ ಭಾಗಗಳು. ಅದು ಗುರುತಿಸದೆ ಬಿಡುವ ಸೌಮ್ಯ ಕೊರತೆಯನ್ನು ಹಿಡಿಯಲು ಕೆನಡಾದ ಜಿಯಾದ್ ನಸ್ರೆದ್ದೀನ್ ಮತ್ತು ಸಂಗಡಿಗರು 2005ರಲ್ಲಿ ಮಾಂಟ್ರಿಯಲ್ ಪರೀಕ್ಷೆಯನ್ನು, ಅಂದರೆ ಮೊಕಾವನ್ನು ಪ್ರಕಟಿಸಿದರು.

ಶಸ್ತ್ರಚಿಕಿತ್ಸೆಯ ಪೂರ್ವಸಿದ್ಧತೆಗೆ ಹೆಚ್ಚು ಒಗ್ಗಿದ್ದು ಸಿಯಾಟಲ್‌ನ ಸೂ ಬೋರ್ಸನ್ ಮತ್ತು ಸಂಗಡಿಗರು 2000ದಲ್ಲಿ ಪರಿಚಯಿಸಿದ ಮಿನಿ-ಕಾಗ್. ಮೂರು ನಿಮಿಷದ ಈ ಪರೀಕ್ಷೆಯಲ್ಲಿ ಪರೀಕ್ಷಕರು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದಗಳನ್ನು ಹೇಳಿ, ರೋಗಿಯಿಂದ ಹೇಳಿಸುತ್ತಾರೆ. ಬಳಿಕ ಗಡಿಯಾರದ ಮುಖ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಕೇಳುತ್ತಾರೆ. ಕೊನೆಗೆ ಆ ಮೂರು ಪದ ಯಾವುವೆಂದು ವಿಚಾರಿಸುತ್ತಾರೆ. ನೆನಪಾದ ಪ್ರತಿ ಪದಕ್ಕೆ ಒಂದು ಅಂಕ, ಸರಿಯಾದ ಗಡಿಯಾರಕ್ಕೆ ಎರಡು. ಒಟ್ಟು ಐದರಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಪರೀಕ್ಷೆ ಬೇಕು. ಹನ್ನೊಂದು ಹತ್ತು ಎಂಬ ಸಮಯದ ಆಯ್ಕೆಯಲ್ಲೂ ಜಾಣ್ಮೆಯಿದೆ. ಹತ್ತು ನಿಮಿಷಕ್ಕೆ ದೊಡ್ಡ ಮುಳ್ಳು ಎರಡರ ಮೇಲೆ ನಿಲ್ಲಬೇಕು. ಯೋಜಿಸುವ ಮತ್ತು ತಡೆದು ಯೋಚಿಸುವ ಶಕ್ತಿ ಕುಂದಿದವರು ಕೇಳಿದ ಸಂಖ್ಯೆಯತ್ತಲೇ ಸೆಳೆಯಲ್ಪಟ್ಟು ಅದನ್ನು ಹತ್ತರ ಮೇಲೆ ಇಡುತ್ತಾರೆ.

ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಮತ್ತು ವೃದ್ಧರೋಗ ತಜ್ಞರ ಸಂಘ 2012ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ, ಶಸ್ತ್ರಚಿಕಿತ್ಸೆಗೆ ಮುನ್ನ ಹಿರಿಯರ ಅರಿವನ್ನು ಪರೀಕ್ಷಿಸಬೇಕೆಂದು ಹೇಳಿ ಮಿನಿ-ಕಾಗ್ ಅನ್ನು ಸೂಚಿಸಿತು. ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡ 211 ಹಿರಿಯರ ಕುರಿತು 2017ರಲ್ಲಿ ಬಂದ ಅಧ್ಯಯನದಲ್ಲಿ ಶೇ. 24ರಷ್ಟು ಮಂದಿಗೆ ಇದರಲ್ಲಿ ಕಡಿಮೆ ಅಂಕ ಬಂದಿತ್ತು. ಆಪರೇಷನ್ನಿನ ನಂತರ ಸನ್ನಿ, ಅಂದರೆ ಡೆಲಿರಿಯಂ, ಕಾಣಿಸಿಕೊಳ್ಳುವುದೂ ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುವುದೂ ಅವರಲ್ಲೇ ಜಾಸ್ತಿಯಾಗಿತ್ತು.

ಮನೆಯಲ್ಲೇ ತಪಾಸಣೆ

ರೋಗಿಯನ್ನು ಎದುರಿಗೆ ಕೂರಿಸಿಕೊಳ್ಳದೆ ನಡೆಸುವ ಪರೀಕ್ಷೆ ಅಂತರ್ಜಾಲಕ್ಕಿಂತ ಹಳೆಯದು. 1988ರಲ್ಲಿ ಜೇಸನ್ ಬ್ರಾಂಟ್ ಮತ್ತು ಸಂಗಡಿಗರು ಟಿಐಸಿಎಸ್ ಎಂಬ ದೂರವಾಣಿ ಪರೀಕ್ಷೆಯನ್ನು ಪ್ರಕಟಿಸಿದ್ದರು. ಮೆಲ್ಬರ್ನ್‌ನಲ್ಲಿ ಬೆಳೆದ ಕಾಗ್‌ಸ್ಟೇಟ್ ಪರೀಕ್ಷೆಗಳು ಕಂಪ್ಯೂಟರ್ ಪರದೆಯ ಮೇಲೆ ಇಸ್ಪೀಟು ಎಲೆಗಳನ್ನು ತೋರಿಸುತ್ತವೆ. ಎಲೆ ಕೆಂಪೇ, ಹಿಂದಿನದೇ ಮತ್ತೆ ಬಂತೇ ಎಂಬುದಕ್ಕೆ ಒತ್ತುವ ಗುಂಡಿಯಿಂದ ಉತ್ತರದ ಸರಿತಪ್ಪಿನ ಜೊತೆಗೆ ವೇಗವೂ ದಾಖಲಾಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯ ನಂತರದ ಬದಲಾವಣೆ ಅಳೆಯಲು ಅಲ್ಲಿನ ಸಂಶೋಧಕರು 2004ರ ಹೊತ್ತಿಗೇ ಇವನ್ನು ಕಾಗದದ ಪರೀಕ್ಷೆಗಳೊಡನೆ ಹೋಲಿಸಿ ನೋಡಿದ್ದರು. ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಡಗ್ಲಸ್ ಶಾರೆ 2010ರಲ್ಲಿ ತಂದ ಸೇಜ್ ಪರೀಕ್ಷೆಯನ್ನು ರೋಗಿಯೇ ತುಂಬಬಹುದು. ಮುಂದೆ ಅದರ ಡಿಜಿಟಲ್ ರೂಪವೂ ಬಂತು.

2020ರ ಕೋವಿಡ್ ಸೋಂಕು ಈ ದಿಕ್ಕಿನ ಪ್ರಯತ್ನಗಳಿಗೆ ವೇಗ ಕೊಟ್ಟಿತು. ಆಪರೇಷನ್ನಿನ ಪೂರ್ವಭೇಟಿಗಳು ಫೋನ್ ಮತ್ತು ವಿಡಿಯೋ ಕರೆಗಳಿಗೆ ಬದಲಾದಾಗ ಪರೀಕ್ಷೆಗಳೂ ಜೊತೆಗೆ ಹೋಗಬೇಕಾಯಿತು. ಚಿತ್ರ ಮತ್ತು ಗಡಿಯಾರದ ಭಾಗಗಳನ್ನು ಬಿಟ್ಟು 22 ಅಂಕಗಳಿಗೆ ಇಳಿಸಿದ ಮೊಕಾ ಫೋನಿನಲ್ಲಿ ಬಳಕೆಗೆ ಬಂತು. ಪೊರೆಯಿಂದ ದೃಷ್ಟಿ ಮಸುಕಾದವರಿಗೆ ಇಂಥದ್ದು ಒಗ್ಗುತ್ತದೆ. ಆದರೆ ಕಿವಿ ಮಂದವಾದವರಿಗೆ ಫೋನ್ ಪರೀಕ್ಷೆಯಲ್ಲಿ ಅನ್ಯಾಯವಾಗಬಹುದು.

ಆನ್‌ಲೈನ್ ಪರೀಕ್ಷೆಯ ಮುಖ್ಯ ಅನುಕೂಲ ಸಮಯ. ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮುಂಚೆಯೇ ಫಲಿತಾಂಶ ಕೈಸೇರಿದರೆ ಯೋಜನೆ ಬದಲಿಸಲು ಅವಕಾಶವಿರುತ್ತದೆ. ಆಪರೇಷನ್ನಿನ ದಿನ ಬೆಳಿಗ್ಗೆ ಉಪವಾಸ, ಆತಂಕ, ನಿದ್ದೆಗೆಟ್ಟ ದಣಿವಿನ ನಡುವೆ ಬರುವ ಅಂಕಕ್ಕಿಂತ ಅದು ಹೆಚ್ಚು ನಂಬಲರ್ಹ. ಇದರ ಮಿತಿಗಳೂ ಅಷ್ಟೇ ಸ್ಪಷ್ಟ: ಪಕ್ಕದಲ್ಲಿ ಕುಳಿತ ಮಗಳು ಉತ್ತರ ಹೇಳಿಕೊಡಬಹುದು, ಟಿವಿಯ ಸದ್ದು ಗಮನ ಕೆಡಿಸಬಹುದು, ಟಚ್‌ಸ್ಕ್ರೀನ್ ಮುಟ್ಟಿ ಗೊತ್ತಿಲ್ಲದವರ ನಿಧಾನ ಮಿದುಳಿನ ನಿಧಾನವಾಗಿ ದಾಖಲಾಗಬಹುದು.

ಭಾಷೆ ಮತ್ತು ಓದು

ಗಡಿಯಾರ ಬರೆಯಲು ಪೆನ್ಸಿಲ್ ಹಿಡಿದ ರೂಢಿ ಬೇಕು. ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೆ ಕಡಿಮೆ ಅಂಕ ಬಂದ ಮಾತ್ರಕ್ಕೆ ಮರೆವಿನ ಕಾಯಿಲೆ ಇದೆಯೆಂದು ಹೇಳಲಾಗದು. ಭಾರತದಲ್ಲಿ ಈ ಸಮಸ್ಯೆಯನ್ನು ಎದುರಿಸಿದ ಮುಖ್ಯ ಪ್ರಯತ್ನ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ರೂಪುಗೊಂಡು 1995ರಲ್ಲಿ ಪ್ರಕಟವಾದ ಹಿಂದಿ ಮೆಂಟಲ್ ಸ್ಟೇಟ್ ಪರೀಕ್ಷೆ. ಅದರಲ್ಲಿ ಬರೆದದ್ದನ್ನು ಓದಿ ಅದರಂತೆ ಮಾಡುವ ಬದಲು, ಪರೀಕ್ಷಕರು ಮಾಡಿದ್ದನ್ನು ನೋಡಿ ಮಾಡಿದರೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ಸಿದ್ಧವಾಗಿ 2020ರಲ್ಲಿ ಪ್ರಕಟವಾದ ಪರೀಕ್ಷಾ ಸಂಪುಟ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಈ ಕೆಲಸದಲ್ಲಿ ಪಾಲ್ಗೊಂಡಿದೆ. ಈ ಸಂಪುಟದ ಗುರಿ ಡಿಮೆನ್ಷಿಯಾದ ಪತ್ತೆ. ಆದರೂ ಕನ್ನಡ ಮಾತಾಡುವ ಹಿರಿಯರಿಗಾಗಿ ಶಸ್ತ್ರಚಿಕಿತ್ಸಾಪೂರ್ವ ಆನ್‌ಲೈನ್ ಪರೀಕ್ಷೆ ರೂಪಿಸುವವರಿಗೆ ಇಂಥ ತಳಪಾಯ ಅತ್ಯಗತ್ಯ. ಇಂಗ್ಲಿಷ್ ಪರೀಕ್ಷೆಯ ಪದಗಳನ್ನಷ್ಟೇ ಕನ್ನಡಕ್ಕೆ ತಂದರೆ ಸಾಲದು. ಅಂಕದ ಗಡಿಯನ್ನೂ ಇಲ್ಲಿನ ಜನರನ್ನು ಪರೀಕ್ಷಿಸಿಯೇ ಗೊತ್ತುಮಾಡಬೇಕು.

ಫಲಿತಾಂಶದ ಬಳಕೆ

ತಪಾಸಣೆ ರೋಗನಿರ್ಣಯವಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ನಿದ್ದೆ ಮಾತ್ರೆ ಇವುಗಳಲ್ಲಿ ಯಾವುದಾದರೂ ಅಂಕವನ್ನು ಇಳಿಸಬಲ್ಲದು. ಲಕ್ಷಣಗಳಿಲ್ಲದ ಹಿರಿಯರೆಲ್ಲರನ್ನೂ ಪರೀಕ್ಷಿಸಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ಪ್ರತಿಬಂಧಕ ಸೇವೆಗಳ ಕಾರ್ಯಪಡೆ 2020ರಲ್ಲಿ ಹೇಳಿತು. ಶಸ್ತ್ರಚಿಕಿತ್ಸೆಯ ಸಂದರ್ಭ ಬೇರೆ. ಇಲ್ಲಿ ಹತ್ತಿರದಲ್ಲೇ ಒಂದು ಅಪಾಯವಿದೆ, ಅದನ್ನು ತಗ್ಗಿಸುವ ದಾರಿಗಳೂ ಇವೆ. ಕಡಿಮೆ ಅಂಕ ಬಂದವರಿಗೆ ಮಂಪರು ತರಿಸುವ ಬೆಂಜೊಡಯಾಜೆಪೀನ್ ಮತ್ತು ನೆನಪನ್ನು ಕೆಡಿಸುವ ಔಷಧಗಳನ್ನು ಆದಷ್ಟು ತಪ್ಪಿಸಬಹುದು. ಸೂಚನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯವರಿಗೂ ತಿಳಿಸಬಹುದು. ಕನ್ನಡಕ, ಶ್ರವಣಯಂತ್ರಗಳನ್ನು ಎಚ್ಚರವಾದ ಕೂಡಲೇ ಕೊಡಬಹುದು. ಮೊದಲ ರಾತ್ರಿ ಜೊತೆಗೆ ಯಾರಾದರೂ ಇರುವಂತೆ ನೋಡಿಕೊಳ್ಳಬಹುದು. ಕಡಿಮೆ ಅಂಕವನ್ನು ನೆಪ ಮಾಡಿಕೊಂಡು ಬೇಕಾದ ಚಿಕಿತ್ಸೆಯನ್ನೇ ನಿರಾಕರಿಸುವುದು ಮಾತ್ರ ಸಲ್ಲದು. ಪೊರೆ ತೆಗೆದು ದೃಷ್ಟಿ ಮರಳುವುದರ ಲಾಭ ಅರಿವು ಕುಂದಿದವರಿಗೂ ಉಂಟು. ಅಂಕ ಕಡಿಮೆ ಬಂದವರ ಮುಂದಿನ ಆರೈಕೆಗೆ ವ್ಯವಸ್ಥೆ ಮಾಡಿಕೊಂಡಿರುವ ಆಸ್ಪತ್ರೆಯಲ್ಲಿ ಮಾತ್ರ ಈ ತಪಾಸಣೆಗೆ ಅರ್ಥವಿದೆ.