ಮೇಲೆ ಬೇಲಿ, ಕೆಳಗೆ ಒಂದೇ ಒಳಚರಂಡಿ

ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರ ಹೆಸರು ನಮಗೆಲ್ಲ ಗೊತ್ತು. ಆದರೆ ಅವರು ತೀರಿಕೊಂಡದ್ದು ಎಲ್ಲಿ ಎಂದರೆ ಹೆಚ್ಚಿನವರು ಹೇಳಲಾರರು. 1965ರ ಡಿಸೆಂಬರ್ 18ರಂದು, ಸೈಪ್ರಸ್ ದ್ವೀಪದಲ್ಲಿ. ಸೇನೆಯಿಂದ ನಿವೃತ್ತರಾದ ಮೇಲೆ ಅಲ್ಲಿನ ವಿಶ್ವಸಂಸ್ಥೆ ಶಾಂತಿಪಡೆಗೆ ಅವರು ಕಮಾಂಡರ್ ಆಗಿದ್ದರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಆ ಪಡೆ ಇವತ್ತಿಗೂ ಅಲ್ಲೇ ಇದೆ. ಯಾಕೆ?

ಸೈಪ್ರಸ್ ಇರುವುದು ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿ. ವಿಸ್ತೀರ್ಣ 9,251 ಚದರ ಕಿ.ಮೀ., ನಮ್ಮ ಕೊಡಗಿನ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಉತ್ತರದ ಅಂಚಿಗೆ ಒಂದು ಬೆಟ್ಟಸಾಲು, ನೈಋತ್ಯಕ್ಕೆ ಟ್ರೂಡೋಸ್ ಬೆಟ್ಟಗಳು, ನಡುವೆ ಗೋಧಿ, ಬಾರ್ಲಿ ಬೆಳೆಯುವ ಬಯಲು. ದ್ವೀಪ ಈಗ ಎರಡು ಭಾಗ. ಆದರೆ ಆ ಗಡಿ ಬೆಟ್ಟ ನೋಡಿ, ಹೊಳೆ ನೋಡಿ ಹಾಕಿದ್ದಲ್ಲ. ಲೆಕ್ಕ ಹಾಕುತ್ತಾ ಹಾಕುತ್ತಾ ಮೂಡಿದ್ದು.

1571ರಲ್ಲಿ ಟರ್ಕಿಯ ಆಟೊಮನ್ನರು ದ್ವೀಪ ಗೆದ್ದರು. 1878ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಬಂತು. ಗ್ರೀಕ್ ಮಾತಾಡುವ ಕ್ರೈಸ್ತರು ಹೆಚ್ಚು, ಟರ್ಕಿಷ್ ಮಾತಾಡುವ ಮುಸ್ಲಿಮರು ನೂರಕ್ಕೆ 18ರಷ್ಟು. ಎಷ್ಟೋ ಹಳ್ಳಿಗಳಲ್ಲಿ ಇಬ್ಬರೂ ಒಟ್ಟಿಗೇ ಇದ್ದರು.

1960ರಲ್ಲಿ ಸ್ವಾತಂತ್ರ್ಯ ಬಂತು. ಸಂವಿಧಾನದಲ್ಲಿ ಎಲ್ಲವೂ ಪಾಲು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ಟರ್ಕಿಷ್. ಸಂಸತ್ತಿನ 50 ಸ್ಥಾನದಲ್ಲಿ 35 ಇವರಿಗೆ, 15 ಅವರಿಗೆ. ಸರ್ಕಾರಿ ಕೆಲಸದಲ್ಲಿ 70ಕ್ಕೆ 30. ಐದು ಪಟ್ಟಣಗಳಲ್ಲಿ ಎರಡೆರಡು ಪುರಸಭೆ. ತೆರಿಗೆ ಕಾನೂನಿಗೆ ಎರಡೂ ಗುಂಪಿನ ಬಹುಮತ ಬೇಕು. ತೆರಿಗೆ ಮತ್ತು ಪುರಸಭೆ ವಿಷಯದಲ್ಲೇ ಜಗಳ ಶುರುವಾಯಿತು. 1963ರ ಡಿಸೆಂಬರ್‌ನಲ್ಲಿ ರಕ್ತ ಹರಿಯಿತು. ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಬ್ರಿಟಿಷ್ ಅಧಿಕಾರಿಯೊಬ್ಬರು ಹಸಿರು ಪೆನ್ಸಿಲ್‌ನಿಂದ ಗೆರೆ ಎಳೆದರು. ಅದಕ್ಕೇ ಅದು ‘ಹಸಿರು ಗೆರೆ’. 1964ರಲ್ಲಿ ಶಾಂತಿಪಡೆ ಬಂತು.

1974ರ ಜುಲೈನಲ್ಲಿ ಗ್ರೀಸ್‌ನ ಮಿಲಿಟರಿ ಸರ್ಕಾರದ ಬೆಂಬಲದಿಂದ ಅಲ್ಲಿ ದಂಗೆ ನಡೆಯಿತು. ಐದೇ ದಿನಕ್ಕೆ ಟರ್ಕಿ ಸೇನೆ ಇಳಿಸಿತು, ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಿಡಿಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ಮನೆ, ಹೊಲ ಬಿಟ್ಟು ದಕ್ಷಿಣಕ್ಕೆ ಬಂದರು. 40 ಸಾವಿರಕ್ಕೂ ಹೆಚ್ಚು ಟರ್ಕರು ಉತ್ತರಕ್ಕೆ ಹೋದರು. ಪತ್ರ ಒಬ್ಬರ ಹೆಸರಲ್ಲಿ, ಉಳುಮೆ ಇನ್ನೊಬ್ಬರದು. ಆ ಜಮೀನಿನ ತಕರಾರು ಇಂದಿಗೂ ಬಗೆಹರಿದಿಲ್ಲ. ಸುಮಾರು 180 ಕಿ.ಮೀ. ಉದ್ದದ ಪಟ್ಟಿಯನ್ನು ಈಗ ಶಾಂತಿಪಡೆ ಕಾಯುತ್ತಿದೆ.

ದಕ್ಷಿಣದ್ದು ಜಗತ್ತು ಒಪ್ಪಿದ ಸರ್ಕಾರ. ಯೂರೋ ಹಣ, ಪ್ರವಾಸೋದ್ಯಮ, ಹಡಗು ವ್ಯವಹಾರ. ಉತ್ತರ 1983ರಲ್ಲಿ ತಾನೇ ಬೇರೆ ದೇಶ ಎಂದಿತು. ಒಪ್ಪಿದ್ದು ಟರ್ಕಿ ಮಾತ್ರ. ಅಲ್ಲಿ ಓಡುವುದು ಟರ್ಕಿಯ ಲಿರಾ. 2015ರಿಂದ ನೀರೂ ಸಮುದ್ರದೊಳಗಿನ ಪೈಪಿನಲ್ಲಿ ಟರ್ಕಿಯಿಂದಲೇ ಬರುತ್ತದೆ.

ಇನ್ನು ಚರಂಡಿಯ ವಿಷಯ. ಊರು ಎರಡಾಯಿತು, ಆದರೆ ನಿಕೋಸಿಯಾದ ಕೊಳಚೆ ನೀರು ಬೇಲಿ ನೋಡಿ ನಿಲ್ಲುವುದೇ? ಶುದ್ಧೀಕರಣ ಘಟಕದ ಜಾಗ ಉತ್ತರದಲ್ಲಿತ್ತು. 1970ರ ದಶಕದ ಕೊನೆಗೆ ಎರಡೂ ಕಡೆಯ ಮೇಯರ್‌ಗಳು, ಗ್ರೀಕ್ ಕಡೆಯ ಲೆಲ್ಲೋಸ್ ದಿಮಿತ್ರಿಯಾದಿಸ್, ಟರ್ಕಿಷ್ ಕಡೆಯ ಮುಸ್ತಫಾ ಅಕಿಂಜಿ, ಕೂತು ಮಾತಾಡಿದರು. ಯಾರದು ದೇಶ, ಯಾರದಲ್ಲ ಎಂಬ ಮಾತು ಬದಿಗಿಟ್ಟರು. ಎರಡೂ ಕಡೆಯ ನೀರು ಒಂದೇ ಘಟಕಕ್ಕೆ ಹರಿಯಿತು. ಹಿಂದೆ ಪುರಸಭೆ ಹೆಸರಲ್ಲೇ ಒಡೆದಿದ್ದ ಊರಲ್ಲಿ ಎರಡು ಪುರಸಭೆಗಳೇ ಈ ಕೆಲಸ ಮಾಡಿದವು.

ದೊಡ್ಡ ಮಾತುಕತೆಗಳ ಹಣೆಬರಹವೇ ಬೇರೆ. 2003ರಲ್ಲಿ ಗಡಿಯ ದಾರಿ ತೆರೆದಾಗ ಜನ ತಮ್ಮ ಹಳೇ ಮನೆ ನೋಡಲು ಸಾಲುಗಟ್ಟಿದರು. 2004ರಲ್ಲಿ ಒಂದಾಗುವ ಯೋಜನೆಯನ್ನು ಜನಮತಕ್ಕೆ ಹಾಕಿದರು. ಟರ್ಕರಲ್ಲಿ ನೂರಕ್ಕೆ 65 ಮಂದಿ ಹೂಂ ಎಂದರು, ಗ್ರೀಕರಲ್ಲಿ 76 ಮಂದಿ ಬೇಡ ಎಂದರು. ಅದೇ ಅಕಿಂಜಿ 2015ರಲ್ಲಿ ಉತ್ತರದ ನಾಯಕರಾದರು, ಮತ್ತೆ ಮಾತಿಗೆ ಕೂತರು. 2017ರಲ್ಲಿ ಆ ಮಾತುಕತೆಯೂ ಮುರಿದುಬಿತ್ತು. ಅವರು ಮೇಯರ್ ಆಗಿದ್ದಾಗ ಕೂಡಿಸಿದ ಒಳಚರಂಡಿ ಮಾತ್ರ ಮುರಿದಿಲ್ಲ.